ಮೂರನೆಯ ಸಲಿಕೆ

ನಮ್ಮೂರಲ್ಲಿ ಗುಂಡಿ ಮೊದಲು ಸಿದ್ಧವಾಗುತ್ತದೆ,
ಸಾವು ಆಮೇಲೆ.
ಸೆಪ್ಟೆಂಬರಿನಲ್ಲಿ, ನೆಲ ಇನ್ನೂ ಗುದ್ದಲಿಯ ಮಾತು ಕೇಳುವಾಗ,
ಮೂರು ತೋಡಿ ಹಲಗೆ ಮುಚ್ಚಿಡುತ್ತೇವೆ.
ಯಾರಿಗೆಂದು ಯಾರೂ ಕೇಳುವುದಿಲ್ಲ.
ಗ್ರೀನ್‌ಲ್ಯಾಂಡಿನ ಪಡುವಣ ದಂಡೆ,
ಎಂಬತ್ತಾರು ಜನ, ನೂರಾ ನಲವತ್ತು ನಾಯಿ;
ಎಣಿಕೆ ಎಲ್ಲರಿಗೂ ಗೊತ್ತು.

ಈ ಸಲ ಮೊದಲ ಹಲಗೆ ಸರಿದದ್ದು ಹನೋಕನಿಗೆ.
ಫೆಬ್ರವರಿ. ಸೂರ್ಯ ಮರಳಿ ಎರಡು ವಾರ,
ಬೆಟ್ಟದ ಭುಜದ ಮೇಲೆ ಗಳಿಗೆ ಕೂತು ಎದ್ದುಹೋಗುತ್ತಾನೆ.
ಉಪದೇಶಿ ಯಾಕುವಾರಾಕ್ ಸೊಂಟ ಮುರಿದುಕೊಂಡು
ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಹೋಗಿ ಹನ್ನೊಂದು ದಿನ.
ಪಾದ್ರಿ ಇರುವುದು ಕೊಲ್ಲಿಯಾಚೆ;
ನಡುವಿನ ಮಂಜು ದೋಣಿಗೆ ಗಟ್ಟಿ, ಸ್ಲೆಡ್ಜಿಗೆ ತೆಳು.

ಹನೋಕನ ಹೆಂಡತಿ ಬೆನಿಗ್ನೆ ಬಂದು ನಿಂತಳು
ಮೀನಿನ ಕಾರ್ಖಾನೆಯ ಬಾಗಿಲಲ್ಲಿ,
ನಾನು ಹ್ಯಾಲಿಬಟ್ ತೂಗುತ್ತಿದ್ದಾಗ.
"ನಿನಗೆ ಓದಲು ಬರುತ್ತದಲ್ಲ, ಪಾನೀರಾಕ್?"
ಬರುತ್ತದೆ, ಆದರೆ, ಎಂದೆ.
ಆ 'ಆದರೆ'ಯ ಹಿಂದೆ ಬಹಳ ಇತ್ತು.
ನನ್ನ ತಮ್ಮ ಮಾಲೆರಾಕ್ ಮಂಜು ಬಿರಿದು ಕೆಳಗಿಳಿದ ಮಧ್ಯಾಹ್ನದಿಂದ
ಚರ್ಚಿನಲ್ಲಿ ಬರೀ ತುಟಿ ಆಡಿಸುತ್ತೇನೆ, ದನಿ ಬಿಡುವುದಿಲ್ಲ.
ಅಮ್ಮನಿಗೂ ಗೊತ್ತಿಲ್ಲ ಇದು.
ತೂಗುವುದೇ ಕಸುಬು ನನಗೆ; ದೇವರನ್ನೂ
ಆರು ವರ್ಷ ಅಳೆದೂ ಸುರಿದೂ ಕೂತಿದ್ದೆ,
ಮುಳ್ಳು ಒಂದು ಕಡೆ ನಿಂತಿರಲಿಲ್ಲ.

ಬೆನಿಗ್ನೆ ಅಷ್ಟೆಲ್ಲ ಕಾಯಲಿಲ್ಲ.
"ನಾಳೆ ಹನ್ನೊಂದಕ್ಕೆ. ಮಣ್ಣು ಕರಗಿಸಿಡು" ಎಂದು ಹೊರಟಳು.

ರಾತ್ರಿ ಬಕೆಟ್ ತುಂಬ ಮಣ್ಣು, ಕಲ್ಲಿನಂಥದ್ದು,
ಕಾರ್ಖಾನೆಯ ಹೀಟರಿನ ಪಕ್ಕಕ್ಕಿಟ್ಟೆ.
ಅದರ ಪಕ್ಕ ನಾನು, ತೊಡೆಯ ಮೇಲೆ ಸತ್ಯವೇದ.
ತೆರೆದರೆ ಸಿಕ್ಕವನು ಪೇತ್ರ,
ದೋಣಿಯಿಂದ ಕಾಲು ಹೊರಗಿಟ್ಟವನು.
ಚಿಕ್ಕವರಿದ್ದಾಗ ಈ ಕತೆಗೆ ನಾವು ನಗುತ್ತಿದ್ದೆವು:
ನೀರ ಮೇಲೆ ನಡೆಯುವುದೇನು ಮಹಾ,
ನಾವು ವರ್ಷಕ್ಕೆ ಆರು ತಿಂಗಳು ನಡೆಯುತ್ತೇವೆ!
ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾಲೆರಾಕ್.
ಮುಂದಿನ ಸಾಲು, ಕೈ ಚಾಚಿ ಹಿಡಿದನೆಂಬ ಸಾಲು,
ಓದಲಾಗಲಿಲ್ಲ.
ಒಬ್ಬನನ್ನು ಹಿಡಿದೆ, ಒಬ್ಬನನ್ನು ಯಾಕೆ ಬಿಟ್ಟೆ?
ಕೇಳಿದೆ. ಹೀಟರು ಟಿಕ್ಕೆಂದಿತು, ಅಷ್ಟೆ.
ಬೆಳಗಿನ ಜಾವ ನೋಡಿದರೆ
ಮಣ್ಣಿನ ಮೇಲೆ ತೇವ ಮೂಡಿತ್ತು.

ಹನ್ನೊಂದಕ್ಕೆ ಗಂಟೆ ಬಾರಿಸಿದರು;
ಊರಿನ ನಾಯಿಗಳೆಲ್ಲ ಮೂತಿ ಎತ್ತಿ ಊಳಿಟ್ಟವು.
ಬಿಳಿ ಅನೋರಾಕಿನ ಗಂಡಸರು ಪೆಟ್ಟಿಗೆ ಹೊತ್ತು ಹಿಂದೆ,
ಎಲ್ಲರಿಗಿಂತ ಮುಂದೆ ನಾನು.
ಯಾರ ಬೆನ್ನೂ ಕಾಣದ ದಾರಿ ಅದು, ಮೊದಲ ಸಲ.
ಕಾಲಲ್ಲಿ ಕೆಲಸದ ಬೂಟು, ಮೈಗೆಲ್ಲ ಮೀನಿನ ವಾಸನೆ,
ಗಂಟಲ ಪಸೆ ಆರಿತ್ತು.

ಮೊದಲ ಸಲಿಕೆ: ಮಣ್ಣಿನಿಂದ ಬಂದೆ.
ಸುಲಭ, ಕಣ್ಣಿಗೆ ಕಾಣುವ ಮಾತು.
ಎರಡನೆಯದು: ಮಣ್ಣಿಗೆ ಮರಳುವೆ.
ಇದು ಯಾರಿಗೆ ಗೊತ್ತಿಲ್ಲ.
ಮೂರನೆಯದು ಸಲಿಕೆಗೆ ಅಂಟಿತು.
ಮೈನಸ್ ಇಪ್ಪತ್ತಾರು;
ಎರಡು ಮಾತಿನ ನಡುವೆಯೇ ಮಣ್ಣು ಮತ್ತೆ ಕಲ್ಲು.
ಮಣ್ಣಿನಿಂದ ಎದ್ದು ಬರುವೆ, ಎಂದೆ. ಬೀಳಲಿಲ್ಲ.
ಸಲಿಕೆ ಒದರಿದೆ: ಎದ್ದು ಬರುವೆ.
ಹಿಮ್ಮಡಿಯಿಂದ ಒದ್ದೆ: ಎದ್ದು ಬರುವೆ!
ಪುಸ್ತಕ ನೋಡದೆ, ಹೆಚ್ಚುಕಡಿಮೆ ಜಗಳದ ದನಿಯಲ್ಲಿ.
ನನ್ನದೇ ದನಿ. ಆರು ವರ್ಷದ್ದು.
ಯಾರಿಗೆ ಹೇಳಿದೆನೋ, ಹನೋಕನೊಬ್ಬನಿಗಂತೂ ಅಲ್ಲ.
ಹೆಂಟೆ ಕಳಚಿ ಪೆಟ್ಟಿಗೆಯ ಮೇಲೆ ಧಡ್ಡೆಂದಿತು.
ಯಾವುದೋ ಮಗು ಕಿಸಕ್ಕನೆ ನಕ್ಕಿತು.
ಬೆನಿಗ್ನೆಯೂ, ಅಳುತ್ತಲೇ.

ಮಧ್ಯಾಹ್ನದ ಪಾಳಿಗೆ ಹೋದೆ, ಉಗುರಿನ ಸಂದಿಯಲ್ಲಿ ಕರಿ.
"ಭಾನುವಾರವೂ ನೀನೇ ತಾನೇ?"
ಐಸು ತುಂಬುವ ಹುಡುಗ ಕೇಳಿದ.
ನಾನಿನ್ನೂ ಸಿದ್ಧಳಿಲ್ಲ ಮಾರಾಯ, ಎಂದೆ.
ಸುಳ್ಳೇನಲ್ಲ.
ಬಕೆಟ್ಟಿನಲ್ಲಿ ಅರ್ಧ ಮಣ್ಣು ಉಳಿದಿತ್ತು.
ಚೆಲ್ಲಲೆಂದು ಬಾಗಿಲ ತನಕ ಒಯ್ದವಳು
ಸ್ವಲ್ಪ ಹೊತ್ತು ನಿಂತು,
ತಂದು ಹೀಟರಿನ ಪಕ್ಕಕ್ಕೇ ಇಟ್ಟೆ.